ಮರೆಮಾತು ಮತ್ತು ಮಗುವಿನ ಅರಿವು

ಶರಣಧರ್ಮದಲ್ಲಿ ನುಡಿಗೆ ದೊರೆತಿರುವ ಸ್ಥಾನವು ಬಹು ಹಿರಿದಾದುದು. ನುಡಿಯನ್ನು ನಡೆಯಿಂದ ಬೇರ್ಪಡಿಸಿ ನೋಡುವುದಕ್ಕೆ ಬಸವಾದಿ ಪ್ರಮಥರು ಎಂದೂ ಒಪ್ಪಲಿಲ್ಲ. ನುಡಿಯಂತೆ ನಡೆಯದವನ ಪೂಜೆಯೂ ದಾಸೋಹವೂ ಲಿಂಗಕ್ಕೆ ಮುಟ್ಟುವುದಿಲ್ಲವೆಂಬುದು ಅವರ ನಿಶ್ಚಿತವಾದ ಮತವಾಗಿತ್ತು. ಈ ಬೋಧೆಯನ್ನು ಕೇಳಿದ ಗೃಹಸ್ಥಭಕ್ತನು ಸಾಮಾನ್ಯವಾಗಿ ತನ್ನ ಪೇಟೆಯ ವ್ಯವಹಾರವನ್ನೂ, ಊರ ಕಟ್ಟೆಯ ಪಂಚಾಯತಿಯನ್ನೂ, ಬಂಧುಗಳೊಡನೆ ನಡೆಯುವ ಕೊಡುಕೊಳ್ಳುವಿಕೆಯನ್ನೂ ನೆನೆದುಕೊಳ್ಳುತ್ತಾನೆ. ಅಲ್ಲಿ ಸುಳ್ಳಾಡದೆ ಇದ್ದರೆ ತನ್ನ ವ್ರತವು ನೆರವೇರಿತೆಂದು ಸಮಾಧಾನ ತಾಳುತ್ತಾನೆ. ಆದರೆ ಗೃಹಸ್ಥನ ಮಾತನ್ನು ಎಲ್ಲರಿಗಿಂತ ಹೆಚ್ಚಾಗಿ ಕೇಳುವವರು ಪೇಟೆಯಲ್ಲಿಲ್ಲ. ಅವನ ಮನೆಯ ಪಡಸಾಲೆಯಲ್ಲಿ ಅಂಬೆಗಾಲಿಡುತ್ತಿರುವ ಕೂಸೇ ಅವನ ನಿತ್ಯಶ್ರೋತೃ. ಅದರ ಮುಂದೆ ಆಡುವ ಮಾತುಗಳ ವಿಚಾರವನ್ನು ಮಾಡುವವರು ವಿರಳ.

ತಂದೆತಾಯಿಗಳು ಮಕ್ಕಳ ಮುಂದೆ ಎಲ್ಲವನ್ನೂ ನೇರವಾಗಿ ಆಡುವುದಿಲ್ಲ. ಅರ್ಧ ಮಾತನ್ನು ಬಾಯಿಂದಲೂ ಉಳಿದರ್ಧವನ್ನು ಕಣ್ಣಿನಿಂದಲೂ ಆಡುತ್ತಾರೆ. ಒಂದನ್ನು ಹೇಳಿ ಇನ್ನೊಂದನ್ನು ತಿಳಿಸುತ್ತಾರೆ. ಕೆಲವು ಸಲ ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುತ್ತಾರೆ. ಇಂತಹ ಮರೆಮಾತುಗಳ ಒಳ ಅರ್ಥವನ್ನು ಎಳೆಯ ಮಗುವು ಹೇಗೆ ತಿಳಿಯುತ್ತದೆ? ಹೀಗೆ ಮರೆಯಾಗಿ ಮಾತನಾಡುವುದು ಶರಣರು ಹೇಳಿದ ನುಡಿಯ ಶುದ್ಧಿಗೆ ಒಪ್ಪುವುದೋ ಒಪ್ಪದೋ? ಈ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿ ತೋರಿದರೂ ಒಂದರ ಉತ್ತರವು ಇನ್ನೊಂದರಲ್ಲಿ ಅಡಗಿದೆಯೆಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಮೊದಲು ಮನೆಯ ಮಾತನ್ನು ನೋಡುವುದು ಉಚಿತ. ಹುನಗುಂದದ ಎರೆಭೂಮಿಯ ಒಕ್ಕಲುಮನೆಯಾಗಲಿ, ಇಳಕಲ್ಲಿನ ನೇಕಾರರ ಮನೆಯಾಗಲಿ, ಬಾಗಲಕೋಟೆಯ ವರ್ತಕರ ಮನೆಯಾಗಲಿ, ಈ ಬಗೆಯ ಮಾತಿಲ್ಲದ ಮನೆಯೇ ಇಲ್ಲ. ರಾತ್ರಿಯಲ್ಲಿ ಹಾವನ್ನು ಹಾವೆನ್ನದೆ ‘ಹುಳ’ವೆನ್ನುತ್ತಾರೆ. ಮನೆಯಿಂದ ಹೊರಡುವವನು ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ಭಿಕ್ಷೆಗೆ ಬಂದವನಿಗೆ ‘ಇಲ್ಲ’ವೆನ್ನಲು ನಾಲಗೆ ಬಾರದೆ ‘ಮುಂದಕ್ಕೆ ಹೋಗಪ್ಪಾ’ ಎನ್ನುತ್ತಾರೆ. ಹಿರಿಯರು ತೀರಿಕೊಂಡರೆ ಲಿಂಗೈಕ್ಯರಾದರೆಂದೂ ಬಯಲಾದರೆಂದೂ ಹೇಳುತ್ತಾರೆ. ಬಾಗಿಲು ಮುಚ್ಚೆಂದು ಹೇಳುವ ಬದಲು ‘ಗಾಳಿ ಬಹಳ ಬರುತ್ತಿದೆ’ ಎನ್ನುವ ತಾಯಿಯ ಮಾತನ್ನು ಕೇಳಿ ಮೂರು ವರ್ಷದ ಮಗಳು ಎದ್ದು ಹೋಗಿ ಬಾಗಿಲು ಮುಚ್ಚುತ್ತಾಳೆ. ಆ ಮಾತಿನಲ್ಲಿ ಬಾಗಿಲೆಂಬ ಶಬ್ದವೂ ಇಲ್ಲ, ಮುಚ್ಚೆಂಬ ವಿಧಿಯೂ ಇಲ್ಲ. ಇನ್ನು ಲಿಂಗಪೂಜೆಗೆ ಕುಳಿತ ತಾಯಿಯು ಬಾಯನ್ನೇ ತೆರೆಯುವುದಿಲ್ಲ. ಒಲೆಯ ಮೇಲಣ ಹಾಲು ಉಕ್ಕುತ್ತಿದ್ದರೆ ಅತ್ತ ಒಮ್ಮೆ ನೋಡಿ, ಮಗನ ಮುಖವನ್ನು ಒಮ್ಮೆ ನೋಡುತ್ತಾಳೆ. ಹುಡುಗನು ಓಡುತ್ತಾನೆ. ಮಾತೇ ಇಲ್ಲದ ಈ ಮಾತು ಅವನಿಗೆ ಎಲ್ಲಿಂದ ತಿಳಿಯಿತು?

ಮಗುವಿಗೆ ಭಾಷೆಯು ಬರುವ ಬಗೆಯನ್ನು ನಮ್ಮ ಪ್ರಾಚೀನ ಮೀಮಾಂಸಕರು ಬಹು ಸೂಕ್ಷ್ಮವಾಗಿ ನಿರೂಪಿಸಿದ್ದಾರೆ. ಅದಕ್ಕೆ ಅವರು ವೃದ್ಧವ್ಯವಹಾರವೆಂಬ ಹೆಸರಿಟ್ಟರು. ಹಿರಿಯನೊಬ್ಬನು ಇನ್ನೊಬ್ಬನಿಗೆ ‘ಹಸುವನ್ನು ತಾ’ ಎನ್ನುತ್ತಾನೆ. ಕೇಳಿದವನು ಹೋಗಿ ಹಸುವನ್ನು ತರುತ್ತಾನೆ. ಪಕ್ಕದಲ್ಲಿ ಕುಳಿತ ಬಾಲಕನು ಆ ಮಾತನ್ನು ಕೇಳಿದನು, ಈ ಕೆಲಸವನ್ನು ಕಂಡನು. ಮರುದಿನ ‘ಹಸುವನ್ನು ಕಟ್ಟು’ ಎಂಬ ಮಾತಾಯಿತು, ಹಸುವು ಗೂಟಕ್ಕೆ ಬಂತು. ಇನ್ನೊಮ್ಮೆ ‘ಕುದುರೆಯನ್ನು ತಾ’ ಎಂಬ ಮಾತಾಯಿತು, ಬೇರೊಂದು ಪ್ರಾಣಿ ಬಂತು. ಒಂದು ಶಬ್ದವು ಸೇರಿದಾಗ ಏನು ಸೇರಿತು, ಒಂದು ಶಬ್ದವು ಹೋದಾಗ ಏನು ಹೋಯಿತು ಎಂಬುದನ್ನು ನೋಡನೋಡುತ್ತ ಆ ಬಾಲಕನು ಹಸುವೆಂದರೇನು, ತರುವುದೆಂದರೇನು, ಕಟ್ಟುವುದೆಂದರೇನು ಎಂಬುದನ್ನು ಬಿಡಿಸಿಕೊಳ್ಳುತ್ತಾನೆ. ಪದದ ಅರ್ಥವು ಮೊದಲೋ ವಾಕ್ಯದ ಅರ್ಥವು ಮೊದಲೋ ಎಂಬುದರಲ್ಲಿ ಕುಮಾರಿಲಭಟ್ಟರಿಗೂ ಪ್ರಭಾಕರರಿಗೂ ಭೇದವುಂಟು. ಆದರೆ ಹಿರಿಯರ ವ್ಯವಹಾರವನ್ನು ಕಂಡು ಮಗುವು ಅರ್ಥವನ್ನು ಗ್ರಹಿಸುವುದೆಂಬುದನ್ನು ಉಭಯರ ಪಕ್ಷದವರೂ ಒಪ್ಪುತ್ತಾರೆ.

ಈ ದೃಷ್ಟಾಂತದಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬಾಲಕನಿಗೆ ಯಾರೂ ಪಾಠ ಹೇಳುತ್ತಿಲ್ಲ. ಮಾತು ಅವನನ್ನು ಕುರಿತುದೂ ಅಲ್ಲ. ಹಿರಿಯರಿಬ್ಬರು ತಮ್ಮ ತಮ್ಮ ಕೆಲಸದಲ್ಲಿರುವಾಗ ಅವನು ಅವರ ನುಡಿಯನ್ನೂ ನಡೆಯನ್ನೂ ಒಟ್ಟಿಗೆ ಇಟ್ಟು ನೋಡುತ್ತಿದ್ದಾನೆ. ನುಡಿಯೆಂಬ ಗ್ರಂಥಕ್ಕೆ ನಡೆಯೇ ಅವನ ಟೀಕೆ. ‘ತಾ’ ಎಂದಾಗ ಒಮ್ಮೆ ತಂದು, ಒಮ್ಮೆ ಸುಮ್ಮನೆ ಕುಳಿತು, ಒಮ್ಮೆ ಬೇರೇನನ್ನೋ ಮಾಡಿದ್ದರೆ ಆ ಬಾಲಕನು ಜನ್ಮಾಂತರಕ್ಕೂ ‘ತಾ’ ಎಂಬುದರ ಅರ್ಥವನ್ನು ತಿಳಿಯುತ್ತಿರಲಿಲ್ಲ.

ನೇರ ಮಾತಿಗೆ ಹೇಳಿದ ಈ ನ್ಯಾಯವು ಮರೆಮಾತಿಗೂ ಸಲ್ಲುತ್ತದೆ. ಆಲಂಕಾರಿಕರು ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆಗಳೆಂಬ ಮೂರು ಶಕ್ತಿಗಳನ್ನು ಹೇಳಿದರು. ಶಬ್ದವು ನೇರವಾಗಿ ಹೇಳುವುದು ಅಭಿಧೆ. ನೇರಾರ್ಥವು ಹೊಂದದಿದ್ದಾಗ ಅದರ ನೆರೆಯ ಅರ್ಥವನ್ನು ಹಿಡಿಯುವುದು ಲಕ್ಷಣೆ. ಹೇಳದೆ ಸೂಚಿಸುವುದು ವ್ಯಂಜನೆ. ಹನ್ನೊಂದನೆಯ ಶತಮಾನದ ಮಮ್ಮಟನು ಕಾವ್ಯಪ್ರಕಾಶದಲ್ಲಿ ಸೂರ್ಯನು ಮುಳುಗಿದನೆಂಬ ಒಂದೇ ಮಾತು ಕೇಳುವವರಿಗೆ ತಕ್ಕಂತೆ ಹಲವು ಅರ್ಥಗಳನ್ನು ಕೊಡುವುದನ್ನು ತೋರಿಸಿದನು. ದನಕಾಯುವವನಿಗೆ ಅದು ದನಗಳನ್ನು ಮನೆಗೆ ಹೊಡೆಯುವ ಸೂಚನೆ, ದುಡಿಯುವವನಿಗೆ ಕೆಲಸ ಬಿಡುವ ಸೂಚನೆ, ಪೂಜಾನಿಷ್ಠನಿಗೆ ಸಂಧ್ಯಾಕಾಲದ ಸೂಚನೆ.

ಇದಕ್ಕೆ ಬಾಗಲಕೋಟೆಯ ಜನರೇ ಒಂದು ನಿದರ್ಶನವನ್ನು ಕೊಡಬಲ್ಲರು. ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟರು. ಮುಂದೆ ಅದರ ಹಿನ್ನೀರು ಘಟಪ್ರಭೆಯಲ್ಲಿ ಏರಿ ಬಂದಾಗ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಡೆಯಾದವು. ಅಲ್ಲಿಯ ಜನರು ನವನಗರಕ್ಕೆ ಹೋಗಿ ನೆಲೆಸಬೇಕಾಯಿತು. ಆ ವರ್ಷಗಳಲ್ಲಿ ‘ನೀರು ಬಂತು’ ಎಂಬ ಎರಡು ಶಬ್ದಗಳಿಗೆ ಎಷ್ಟೊಂದು ಅರ್ಥಗಳಿದ್ದವು! ಬರದಿಂದ ಬೆಂದ ನೆಲದ ರೈತನು ಅದನ್ನು ಆಡಿದರೆ ಹರ್ಷ. ಹುಟ್ಟಿದ ಮನೆಯ ತೊಲೆ ಕಂಬಗಳನ್ನು ಕಿತ್ತು ಬಂಡಿಗೆ ಹೇರುತ್ತಿದ್ದ ಮನೆಯ ಮುದುಕಿ ಅದನ್ನು ಆಡಿದರೆ ಹೇಳತೀರದ ಸಂಕಟ. ಅಜ್ಜಿಯ ಸೊಂಟದ ಮೇಲಿದ್ದ ಕೂಸಿಗೆ ಅಣೆಕಟ್ಟಿನ ವಿಚಾರವೇನು ಗೊತ್ತು? ಆದರೂ ನೀರೆಂದಾಗ ಅಜ್ಜಿಯ ಕೈ ತನ್ನನ್ನು ಬಿಗಿಯಾಗಿ ಹಿಡಿದುದನ್ನು ಅದು ಅರಿತಿತು, ಅವಳು ಹೊಸ್ತಿಲನ್ನು ಸವರಿದುದನ್ನು ಕಂಡಿತು. ಆ ಶಬ್ದದ ವ್ಯಂಗ್ಯಾರ್ಥವು ಅದಕ್ಕೆ ಹೀಗೆ ಮೈಯ ಮೂಲಕವೇ ತಿಳಿದುಬಂತು.

ಕನ್ನಡ ನುಡಿಯ ಬಲ್ಲವರು ಈ ವಿಷಯವನ್ನು ಬಹು ಹಿಂದೆಯೇ ಗುರುತಿಸಿದ್ದರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳುಗನ್ನಡದ ನಾಡನ್ನು ಹೇಳುವಾಗ ಕಿಸುವೊಳಲನ್ನು, ಎಂದರೆ ಬಾದಾಮಿಯ ನೆರೆಯ ಪಟ್ಟದಕಲ್ಲನ್ನು, ಅದರ ಒಂದು ಎಲ್ಲೆಯಾಗಿ ಎಣಿಸುತ್ತದೆ. ಈ ನಾಡಿನವರ ಮಾತಿನ ಜಾಣ್ಮೆಯನ್ನು ಹೊಗಳುವಾಗ ಓದು ಕಲಿತವರನ್ನಷ್ಟೇ ಅಲ್ಲದೆ ಚಿಕ್ಕ ಮಕ್ಕಳನ್ನೂ ಮೂಗರನ್ನೂ ಸಹ ವಿವೇಕಬಲ್ಲವರ ಸಾಲಿಗೆ ಸೇರಿಸುತ್ತದೆ. ಮಾತು ಬಾರದವನಿಗೂ ಮಾತಿನ ವಿವೇಕವಿರಬಲ್ಲುದೆಂಬ ಈ ಅಭಿಪ್ರಾಯವು ಸಾಮಾನ್ಯವಾದುದಲ್ಲ.

ಈ ಕಾಲದ ಮನಃಶಾಸ್ತ್ರಜ್ಞರ ಪರಿಶೋಧನೆಗಳೂ ಇದೇ ದಿಕ್ಕಿನಲ್ಲಿ ಸಾಗಿವೆ. ಮಗುವು ವರ್ಷ ತುಂಬುವ ಹೊತ್ತಿಗೆ ಹಿರಿಯರು ಬೆರಳು ತೋರಿದ ಕಡೆಗೆ ನೋಡಲು ಕಲಿಯುತ್ತದೆ. ಎರಡು ವರ್ಷದ ಸುಮಾರಿಗೆ ಪ್ರಶ್ನೆಯ ರೂಪದಲ್ಲಿ ಹೇಳಿದ ಕೆಲಸವನ್ನು ಪ್ರಶ್ನೆಯೆಂದು ಬಗೆಯದೆ ಮಾಡಿ ತೋರಿಸುತ್ತದೆ. ನಾಲ್ಕರ ಸುಮಾರಿಗೆ, ತನಗೆ ತಿಳಿದುದು ಇನ್ನೊಬ್ಬರಿಗೆ ತಿಳಿಯದಿರಬಹುದು, ಇನ್ನೊಬ್ಬರು ತಪ್ಪಾಗಿ ನಂಬಿರಬಹುದು ಎಂಬ ಅರಿವು ಮೂಡುತ್ತದೆ. ಆದರೆ ಹೊಗಳಿಕೆಯ ಶಬ್ದದಿಂದ ತೆಗಳುವ ಕುಹಕವು ಆರೇಳು ವರ್ಷದವರೆಗೆ ಬಹುತೇಕ ಮಕ್ಕಳಿಗೆ ಸರಿಯಾಗಿ ತಿಳಿಯುವುದಿಲ್ಲ. ಹಾಲು ಚೆಲ್ಲಿದ ಕೂಸಿಗೆ ‘ಭಾರೀ ಶಾಣ್ಯಾ ಅದೀ!’ ಎಂದು ಮೂದಲಿಸುವ ಹಿರಿಯರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಶಬ್ದವು ಹೊಗಳುತ್ತದೆ, ಮುಖವು ಗದರಿಸುತ್ತದೆ. ಕೂಸು ಯಾವುದನ್ನು ನಂಬಬೇಕು? ಅದು ಪೆಚ್ಚಾಗಿ ನಿಲ್ಲುತ್ತದೆ. ಸುತ್ತಲಿನವರು ನಗುತ್ತಾರೆ. ತನಗೆ ಎಟುಕದ ಮಾತಿನಿಂದ ತನ್ನನ್ನು ಹೊಡೆದರೆಂಬ ನೋವು ಮಾತ್ರ ಅದಕ್ಕೆ ಉಳಿಯುತ್ತದೆ. ಜಾಣನಿಗೆ ಮಾತಿನ ಪೆಟ್ಟೆಂಬ ಗಾದೆಯು ದೊಡ್ಡವರ ವಿಷಯದಲ್ಲಿ ಹುಟ್ಟಿದುದು. ಹಾಲುಗಲ್ಲದ ಮಕ್ಕಳಿಗೆ ಅದನ್ನು ಅನ್ವಯಿಸಬಾರದು.

ಹೀಗೆ ಮಗುವಿನ ಕಲಿಕೆಗೆ ಆಧಾರವಾದುದು ನಡೆಯೆಂದು ಸಿದ್ಧವಾಯಿತು. ಇಳಕಲ್ಲಿನ ಸೀರೆಯನ್ನು ನೇಯುವಾಗ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಕೊಂಡಿಯು ತಪ್ಪಿದ ಕಡೆ ಸೆರಗು ಎಷ್ಟು ಚೆಲುವಾಗಿದ್ದರೂ ಮೈಗೆ ಅಂಟಿ ನಿಲ್ಲದು. ನುಡಿಗೂ ನಡೆಗೂ ಮಗುವು ಹಾಕುತ್ತಿರುವ ಕೊಂಡಿಗಳೂ ಇಂತಹವೇ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಗೆ ಈ ಅರ್ಥವನ್ನೂ ಕೂಡಿಸಿಕೊಳ್ಳಬಹುದು.

ಇನ್ನು ಎರಡನೆಯ ಪ್ರಶ್ನೆ. ಮರೆಮಾತು ಸುಳ್ಳಿನ ಜಾತಿಗೆ ಸೇರಿದುದೇ? ಇಲ್ಲಿ ಎರಡು ಪೂರ್ವಪಕ್ಷಗಳು ಏಳುತ್ತವೆ. ಶರಣರು ನುಡಿಯಲ್ಲಿ ಕೊಂಕನ್ನು ಒಪ್ಪದವರಾದುದರಿಂದ ಮನೆಯಲ್ಲಿ ಎಲ್ಲವನ್ನೂ ಇದ್ದುದಿದ್ದಂತೆ ಆಡಬೇಕು, ಮಕ್ಕಳ ಮುಂದೆಯೂ ಹಾಗೆಯೇ ಆಡಬೇಕು ಎಂಬುದು ಒಂದು ಪಕ್ಷ. ಮಕ್ಕಳಿಗೆ ಏನೂ ತಿಳಿಯುವುದಿಲ್ಲ, ಆದುದರಿಂದ ಅವರ ಮುಂದೆ ಏನನ್ನು ಹೇಗೆ ಆಡಿದರೂ ದೋಷವಿಲ್ಲ ಎಂಬುದು ಇನ್ನೊಂದು ಪಕ್ಷ. ಎರಡನೆಯದು ಮೇಲಿನ ವಿಚಾರದಿಂದಲೇ ಬಿದ್ದುಹೋಯಿತು. ತಿಳಿಯದೆಂದು ಬಗೆದ ಕೂಸು ಎಲ್ಲವನ್ನೂ ನೋಡುತ್ತಿದೆ.

ಮೊದಲನೆಯ ಪಕ್ಷಕ್ಕೆ ಉತ್ತರವನ್ನು ವಚನವಾಙ್ಮಯವೇ ಕೊಡುತ್ತದೆ. ಸತ್ಯವನ್ನು ಪ್ರಾಣವೆಂದು ಬಗೆದ ಶರಣರೇ ಬೆಡಗಿನ ವಚನಗಳನ್ನೂ ಆಡಿದರು. ಅಲ್ಲಮಪ್ರಭುದೇವರ ಬೆಡಗಿನ ನುಡಿಗಳನ್ನು ಅಕ್ಷರಾರ್ಥದಿಂದ ಹಿಡಿದರೆ ಅವು ಅಸಂಭವಗಳ ಸಂತೆಯಂತೆ ತೋರುತ್ತವೆ. ಆದರೂ ಅವನ್ನು ಸುಳ್ಳೆಂದು ಯಾರೂ ಕರೆಯಲಿಲ್ಲ. ಏಕೆಂದರೆ ಆ ಮಾತು ಬಿಚ್ಚಿಸಿಕೊಳ್ಳಬೇಕೆಂದೇ ಕಾದು ನಿಂತಿದೆ. ಶಿಷ್ಯನು ಒಳಹೊಕ್ಕಷ್ಟೂ ಅದು ಬೆಳಗುತ್ತದೆ. ಮುಂದಣ ಶತಮಾನಗಳಲ್ಲಿ ವಿರಕ್ತರು ಕುಳಿತು ಬೆಡಗಿನ ವಚನಗಳಿಗೆ ಟೀಕೆಗಳನ್ನು ರಚಿಸಿದುದು ಇದೇ ನಂಬಿಕೆಯಿಂದ. ಸುಳ್ಳಿನ ಸ್ವಭಾವವು ಇದಕ್ಕೆ ವಿರುದ್ಧವಾದುದು. ಅದಕ್ಕೆ ಟೀಕೆ ಬರೆದರೆ ಅದು ಸಾಯುತ್ತದೆ. ಕೇಳುವವನು ತಿಳಿಯದಿರುವ ತನಕ ಮಾತ್ರ ಅದರ ಬದುಕು.

ಇಲ್ಲಿಯೇ ಗೃಹಸ್ಥನಿಗೆ ಬೇಕಾದ ಒರೆಗಲ್ಲು ದೊರೆಯುತ್ತದೆ. ಆಡಿದ ಮಾತಿನ ಒಳ ಅರ್ಥವು ನಾಳೆ ಮಗುವಿಗೆ ತಿಳಿದರೆ ಏನಾಗುವುದು ಎಂದು ಕೇಳಿಕೊಳ್ಳಬೇಕು. ತಿಳಿದಾಗ ಮಾತು ಸಫಲವಾಗುವುದಾದರೆ ಅದು ಮರೆಮಾತು; ತಿಳಿದಾಗ ಆಡಿದವನು ತಲೆತಗ್ಗಿಸಬೇಕಾಗುವುದಾದರೆ ಅದು ಕಪಟ. ಶಬ್ದವನ್ನು ನೋಡಿ ಇದನ್ನು ನಿರ್ಣಯಿಸಲಾಗದು, ಕೆಲವು ಪ್ರಸಂಗಗಳನ್ನಿಟ್ಟು ನೋಡಬೇಕು.

ಬಡವರ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಜಂಗಮಮೂರ್ತಿಗಳು ಬಿಜಯಂಗೈಯುತ್ತಾರೆ. ಹಿಟ್ಟಿನ ಡಬ್ಬಿ ಬರಿದಾಗಿದೆ. ತಾಯಿಯು ಏಳು ವರ್ಷದ ಮಗನನ್ನು ಕರೆದು ‘ಹಿತ್ತಲಮನಿ ಅಕ್ಕನ್ನ ನೋಡಿ ಬಾರಪ್ಪಾ’ ಎನ್ನುತ್ತಾಳೆ. ಹುಡುಗನು ಸೆರಗಿನ ಮರೆಯಲ್ಲಿ ಅವಳು ಕೊಟ್ಟ ಪಾತ್ರೆಯನ್ನು ಹಿಡಿದು ಹಿಂಬಾಗಿಲಿನಿಂದ ಹೋಗಿ ಜೋಳದ ಹಿಟ್ಟನ್ನು ತರುತ್ತಾನೆ. ಬಂದ ಮೂರ್ತಿಗಳ ಮನಸ್ಸಿಗೆ ಸಂಕೋಚವಾಗಬಾರದೆಂದು ಆಡಿದ ಮಾತಿದು. ಅವರಿಗೆ ಇದು ತಿಳಿದರೂ ಆ ತಾಯಿಯ ಮೇಲಣ ಗೌರವವು ಇಮ್ಮಡಿಯಾದೀತೇ ಹೊರತು ಕುಂದಲಾರದು. ದಾಸೋಹವೆಂದರೇನೆಂಬುದನ್ನು ಆ ಹುಡುಗನು ಯಾವ ಪುರಾಣದಿಂದಲೂ ಕಲಿಯದಷ್ಟು ಚೆನ್ನಾಗಿ ಆ ಪಾತ್ರೆಯಿಂದ ಕಲಿತನು.

ಇನ್ನೊಂದು ಮನೆಯ ಬಾಗಿಲಿಗೆ ಸಾಲ ಕೊಟ್ಟವನು ಬಂದಿದ್ದಾನೆ. ಒಳಗೆ ಕುಳಿತ ತಂದೆಯು ಮಗನನ್ನು ಹೊರಗೆ ಕಳುಹಿಸುತ್ತಾನೆ. ಐದು ವರ್ಷದ ಹುಡುಗನು ಹೋಗಿ ‘ಅಪ್ಪ ಮನ್ಯಾಗ ಇಲ್ಲಂತ ಹೇಳಂದಾನ’ ಎಂದು ಕೇಳಿದುದನ್ನೆಲ್ಲ ಹೇಳಿಬಿಡುತ್ತಾನೆ. ಈ ಕಥೆಯನ್ನು ಕೇಳಿ ನಗದವರಿಲ್ಲ. ಆದರೆ ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ಮುಂದಿನ ವರ್ಷ ಅದೇ ಹುಡುಗನು ಬಾಗಿಲಲ್ಲಿ ನಿಂತು ಕಣ್ಣು ಪಿಳುಕಿಸದೆ ‘ಅಪ್ಪ ಮನ್ಯಾಗ ಇಲ್ಲ’ ಎನ್ನುತ್ತಾನೆ. ಮನೆಯವರು ಅವನಿಗೆ ಬುದ್ಧಿ ಬಂತೆಂದು ಸಂತೋಷಪಡುತ್ತಾರೆ. ಅವನಿಗೆ ಬಂದುದು ಯಾವ ಬುದ್ಧಿ? ಅಪ್ಪನ ಬಾಯಿಂದ ಬಂದ ಮಾತನ್ನು ಇನ್ನು ಮುಂದೆ ತೂಗಿ ನೋಡಬೇಕೆಂಬ ಬುದ್ಧಿ. ಆ ತಂದೆಯೇ ಹತ್ತು ವರ್ಷದ ನಂತರ ಮಗನು ತನಗೆ ಸುಳ್ಳಾಡಿದನೆಂದು ಮಠದ ಕಟ್ಟೆಯ ಮೇಲೆ ಕುಳಿತು ದುಃಖಪಡುತ್ತಾನೆ.

ಜಾತ್ರೆಯ ಪ್ರಸಂಗವು ಇದಕ್ಕಿಂತ ಹಗುರವಾಗಿ ಕಾಣುತ್ತದೆ. ಬಾದಾಮಿಯ ಬಳಿಯ ಬನಶಂಕರಿಯ ಜಾತ್ರೆಯಲ್ಲಿ ಆಟಿಗೆಗೆ ಹಟ ಹಿಡಿದ ಕೂಸಿಗೆ ‘ಬರೂ ಮುಂದ ಕೊಡಸ್ತೀನಿ’ ಎಂದು ಹೇಳಿ, ಬರುವಾಗ ಬೇರೆ ದಾರಿ ಹಿಡಿಯುವ ತಂದೆತಾಯಿಗಳು ಅನೇಕರು. ಎರಡು ಜಾತ್ರೆಗಳಾಗುವಷ್ಟರಲ್ಲಿ ಆ ಕೂಸಿನ ನಿಘಂಟಿನಲ್ಲಿ ‘ಬರೂ ಮುಂದ’ ಎಂಬುದಕ್ಕೆ ‘ಎಂದೂ ಇಲ್ಲ’ ಎಂಬ ಅರ್ಥವು ಅಚ್ಚಾಗುತ್ತದೆ. ಮಗುವೇನೋ ವೃದ್ಧವ್ಯವಹಾರದ ನ್ಯಾಯದಂತೆ ಸರಿಯಾಗಿಯೇ ಕಲಿಯಿತು. ಆದರೆ ಅದಕ್ಕೆ ಆಸೆ ತೋರಿಸುವ ಒಂದು ಒಳ್ಳೆಯ ಮಾತನ್ನು ಹಿರಿಯರು ಶಾಶ್ವತವಾಗಿ ಕಳೆದುಕೊಂಡರು. ‘ಈ ಸಲ ದುಡ್ಡಿಲ್ಲ ಮಗಾ’ ಎಂದಿದ್ದರೆ ಅದು ಅರ್ಧ ತಾಸು ಅತ್ತು ಸುಮ್ಮನಾಗುತ್ತಿತ್ತು.

ಸಾವಿನ ವಿಷಯವು ಇದಕ್ಕಿಂತ ಗಂಭೀರವಾದುದು. ಅಜ್ಜನು ತೀರಿಕೊಂಡಾಗ ಮೊಮ್ಮಗನಿಗೆ ‘ಅಜ್ಜ ಊರಿಗೆ ಹೋಗಿದ್ದಾನೆ’ ಎಂದು ಹೇಳುವ ರೂಢಿಯು ಕೆಲವು ಮನೆಗಳಲ್ಲಿದೆ. ಪ್ರೀತಿಯಿಂದಲೇ ಹೇಳುತ್ತಾರೆ, ಸಂದೇಹವಿಲ್ಲ. ಆದರೆ ಕೂಸು ಪ್ರತಿದಿನ ಸಂಜೆ ಬಸ್ಸಿನ ಸದ್ದಿಗೆ ಅಂಗಳಕ್ಕೆ ಓಡುತ್ತದೆ. ಅಜ್ಜನು ತನಗೆ ಹೇಳದೆ ಹೋದನಲ್ಲ, ತಾನೇನು ತಪ್ಪು ಮಾಡಿದೆನೆಂದು ಒಳಗೊಳಗೆ ಕೊರಗುತ್ತದೆ. ಈ ನಾಡಿನ ಶಿವಭಕ್ತರ ಮನೆಗಳಲ್ಲಿ ‘ಅಜ್ಜ ಲಿಂಗದೊಳಗಾದ’ ಎಂಬ ಮಾತು ಸಿದ್ಧವಾಗಿಯೇ ಇದೆ. ಇದೂ ನೇರ ಮಾತಲ್ಲ. ಆದರೆ ಮಗುವಿಗೆ ಅದು ಇಂದು ತಿಳಿದಷ್ಟೂ ನಿಜ, ನಾಳೆ ಇನ್ನಷ್ಟು ತಿಳಿದರೂ ನಿಜ. ವಿಭೂತಿ ಧರಿಸಿ ಕುಳಿತ ಭಂಗಿಯಲ್ಲಿದ್ದ ಅಜ್ಜನ ದೇಹವನ್ನು ಅದು ಕಂಡಿದೆ, ಎಲ್ಲರೊಡನೆ ಮಣ್ಣು ಹಾಕಿದೆ. ಐದರ ವಯಸ್ಸಿನಲ್ಲಿ ಆ ಮಾತಿಗೆ ಒಂದು ಅರ್ಥ, ಐವತ್ತರಲ್ಲಿ ಇನ್ನೊಂದು ಅರ್ಥ. ‘ಊರಿಗೆ ಹೋದ’ ಎಂಬ ಮಾತು ಮಗು ಬೆಳೆದಂತೆ ಒಡೆಯುತ್ತದೆ; ‘ಲಿಂಗದೊಳಗಾದ’ ಎಂಬ ಮಾತು ಮಗುವಿನೊಡನೆ ತಾನೂ ಬೆಳೆಯುತ್ತದೆ.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಸಂಗವೊಂದುಂಟು. ಅದು ‘ನನಗ ಹಸಿವಿಲ್ಲ’ ಎಂಬ ಚಿಕ್ಕ ಮಾತು.

ಗಂಡಹೆಂಡಿರಲ್ಲಿ ಮನಸ್ತಾಪವಾಗಿ ಮಾತು ನಿಂತಿದೆ. ಹೆಂಡತಿಯು ಮಗಳಿಗೆ ‘ಅಪ್ಪಗ ಹೇಳು, ರೊಟ್ಟಿ ಆಗ್ಯಾವಂತ’ ಎನ್ನುತ್ತಾಳೆ. ಗಂಡನು ಅದೇ ಮಗಳಿಗೆ ‘ಅವ್ವಗ ಹೇಳು, ನನಗ ಹಸಿವಿಲ್ಲಂತ’ ಎನ್ನುತ್ತಾನೆ. ಆರು ವರ್ಷದ ಆ ಹುಡುಗಿಯು ಅಡಿಗೆಮನೆಗೂ ಪಡಸಾಲೆಗೂ ನಡುವೆ ಓಡಾಡುತ್ತಾಳೆ. ಹಸಿವಿಲ್ಲವೆಂದ ತಂದೆಯ ಮುಖವನ್ನು ನೋಡಿದ್ದಾಳೆ. ಅವನು ಮುಂಜಾನೆಯಿಂದ ಉಂಡಿಲ್ಲವೆಂಬುದು ಅವಳಿಗೆ ಗೊತ್ತು. ಆ ಮಾತಿನ ವಾಚ್ಯಾರ್ಥವು ಹೊಟ್ಟೆಯನ್ನು ಕುರಿತುದು, ವ್ಯಂಗ್ಯಾರ್ಥವು ಕೋಪ. ಅವಳು ಅದನ್ನು ತಿಳಿದಳು. ತಿಳಿದು ಏನು ಮಾಡಬೇಕು? ಅಂದಂತೆಯೇ ಹೇಳಿದರೆ ತಾಯಿಗೆ ನೋವು, ಹೇಳದಿದ್ದರೆ ತಂದೆಗೆ ಕೋಪ. ತಾನು ಹುಟ್ಟಿಸದ ಜಗಳಕ್ಕೆ ತಾನೇ ದೂತಿಯಾಗಬೇಕಾದ ಆ ಮಗುವಿನ ಎದೆಯ ಭಾರವನ್ನು ಆ ಇಬ್ಬರೂ ಅಳೆಯುವುದಿಲ್ಲ.

ಅದೇ ಓಣಿಯ ಇನ್ನೊಂದು ಮನೆ. ಬುಟ್ಟಿಯಲ್ಲಿ ಒಂದೇ ರೊಟ್ಟಿ ಉಳಿದಿದೆ. ಮಕ್ಕಳ ತಾಟಿಗೆ ಅದನ್ನು ಮುರಿದು ಹಾಕಿ ತಾಯಿಯು ‘ನನಗ ಹಸಿವಿಲ್ಲ, ನೀವು ಉಣ್ರಿ’ ಎನ್ನುತ್ತಾಳೆ. ಇಲ್ಲಿಯೂ ಅದೇ ಶಬ್ದಗಳು. ಅಕ್ಷರಾರ್ಥವನ್ನು ಹಿಡಿದರೆ ಇದೂ ನಿಜವಲ್ಲ. ಹಾಗಾದರೆ ತಂದೆಯ ಮಾತನ್ನು ದೂರಿ ತಾಯಿಯ ಮಾತನ್ನು ಕೊಂಡಾಡುವುದಕ್ಕೆ ಆಧಾರವೇನು? ಪ್ರೀತಿಯಿಂದ ಆಡಿದ ಸುಳ್ಳಿಗೆ ದೋಷವಿಲ್ಲವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಶರಣಮಾರ್ಗದಲ್ಲಿ ಅಷ್ಟು ಅಗ್ಗದ ಸಮಾಧಾನಕ್ಕೆ ಎಡೆಯಿಲ್ಲ. ಅಜ್ಜನು ಊರಿಗೆ ಹೋದನೆಂದವರೂ ಪ್ರೀತಿಯಿಂದಲೇ ಹೇಳಿದರಷ್ಟೆ.

ಆದುದರಿಂದ ಹಿಂದೆ ಹೇಳಿದ ಒರೆಗಲ್ಲಿಗೆ ಈ ಎರಡನ್ನೂ ಉಜ್ಜಿ ನೋಡಬೇಕು. ತಾಯಿಯ ಮಾತಿನ ಒಳ ಅರ್ಥವು ಮಕ್ಕಳಿಗೆ ಒಂದು ದಿನ ತಿಳಿದೇ ತಿಳಿಯುತ್ತದೆ. ರಾತ್ರಿ ಅವಳು ಒಂದು ತಂಬಿಗೆ ನೀರು ಕುಡಿದು ಮಲಗಿದುದನ್ನು ಹಿರಿಯ ಮಗನು ಕಾಣುತ್ತಾನೆ. ಮರುದಿನ ತನ್ನ ತಾಟಿನ ರೊಟ್ಟಿಯಲ್ಲಿ ಅರ್ಧ ಮುರಿದು ‘ನನಗೂ ಹಸಿವಿಲ್ಲವ್ವಾ’ ಎಂದು ಅವಳ ಮುಂದೆ ಇಡುತ್ತಾನೆ. ಆಗ ತಾಯಿಯು ನಾಚಬೇಕಾದುದು ಏನೂ ಇಲ್ಲ. ಅವಳ ಮಾತು ಹಣ್ಣಾಗಿ ಅವಳ ಕೈಗೆ ಮರಳಿ ಬಂತು. ಆ ಎಂಟು ವರ್ಷದ ಹುಡುಗನಿಗೆ ಪ್ರಸಾದವೆಂದರೆ ಹಂಚಿ ಉಣ್ಣುವುದೆಂದು ತಿಳಿಯಿತು. ಅದನ್ನು ತಿಳಿಸಿದುದು ಶಬ್ದವಲ್ಲ, ಅವಳ ಬರಿದಾದ ತಾಟು. ತಂದೆಯ ಮಾತು ಹಾಗಲ್ಲ. ಮಗಳು ಅದನ್ನು ತಿಳಿದಷ್ಟೂ ಅವಳಿಗೆ ಭಯವು ಹೆಚ್ಚಿತು. ಅವಳು ತಿಳಿದಳೆಂದು ತಂದೆಗೆ ಗೊತ್ತಾದರೆ ಅವನು ತಲೆ ಎತ್ತಿ ಅವಳ ಮುಖವನ್ನು ನೋಡಲಾರನು.

ಆದರೂ ತಾಯಂದಿರಿಗೆ ಒಂದು ಮಾತನ್ನು ವಿನಯದಿಂದ ಸೂಚಿಸಬಹುದು. ‘ಹಸಿವಿಲ್ಲ’ವೆನ್ನುವುದಕ್ಕಿಂತ ‘ನೀವು ಉಂಡರ ನನಗ ಸಂತೋಷ’ ಎನ್ನುವುದು ಮೇಲು. ಅದರಲ್ಲಿ ಅಕ್ಷರಾರ್ಥಕ್ಕೂ ಭಂಗವಿಲ್ಲ, ಅಂತಃಕರಣಕ್ಕೂ ಕೊರತೆಯಿಲ್ಲ. ಮೊದಲ ಮನೆಯ ಹುಡುಗಿಯಂತಹ ಮಕ್ಕಳು ‘ಹಸಿವಿಲ್ಲ’ವೆಂಬ ಮಾತನ್ನು ಕೇಳಿದಲ್ಲೆಲ್ಲ ಕೋಪವನ್ನೇ ಕಾಣುವಂತಾಗಿರುತ್ತಾರೆ. ಕೋಪದ ಮನೆಯಲ್ಲಿ ಕೆಟ್ಟ ಶಬ್ದವು ಪ್ರೀತಿಯ ಮನೆಯಲ್ಲಿಯೂ ಕೆಡುತ್ತದೆ. ಒಬ್ಬನು ನುಡಿಯನ್ನು ಹೊಲೆಗೆಡಿಸಿದರೆ ಅದರ ನಷ್ಟವು ಇಡೀ ಸಮಾಜಕ್ಕೆ ತಟ್ಟುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮರೆಮಾತು ಲೋಕಹಿತಕ್ಕೆ ಹೇಗೆ ಸಲ್ಲುವುದೆಂಬುದಕ್ಕೆ ಇಳಕಲ್ಲಿನ ಶ್ರೀಮಠದ ಮಹಾಂತ ಜೋಳಿಗೆಯು ಕಣ್ಣ ಮುಂದಿನ ನಿದರ್ಶನವಾಗಿದೆ. ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಇದನ್ನು ಪ್ರಾರಂಭಿಸಿ ಊರೂರು ತಿರುಗಿದರು. ಜೋಳಿಗೆಯೆಂದರೆ ಕಾಳು ಕಡಿ ಕೇಳುವುದೆಂಬುದು ಲೋಕರೂಢಿ. ಸ್ವಾಮಿಗಳು ಆ ಜೋಳಿಗೆಯನ್ನೇ ಒಡ್ಡಿ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಕುಡಿತವನ್ನು ಬಿಡೆಂದು ಗದರಿಸಿದ್ದರೆ ಬಾಗಿಲು ಮುಚ್ಚುತ್ತಿದ್ದವನು, ಬೇಡಿದ ಗುರುವಿಗೆ ಇಲ್ಲವೆನ್ನಲಾರದೆ ಕೊಟ್ಟನು. ಇಂತಹ ತಂದೆಯ ಮನೆಯ ಮಗುವನ್ನು ನೆನೆಯಬೇಕು. ಅಷ್ಟು ದಿನ ತಾಯಿಯು ಅದಕ್ಕೆ ‘ಅಪ್ಪ ಔಷಧ ತೊಗೊಂಡಾನ,’ ‘ಅಪ್ಪಗ ಆರಾಮಿಲ್ಲ’ ಎಂದು ಹೇಳುತ್ತ ಬಂದಿದ್ದಳು. ಮಗುವು ಆ ಔಷಧದ ಅರ್ಥವನ್ನು ವಾಸನೆಯಿಂದಲೇ ತಿಳಿದಿತ್ತು. ತಂದೆಯು ಜೋಳಿಗೆಗೆ ತನ್ನ ಚಟವನ್ನು ಹಾಕಿ, ಅಂದಂತೆಯೇ ನಡೆದುದಾದರೆ, ಆ ಮನೆಯಲ್ಲಿ ‘ಔಷಧ’ ಎಂಬ ಶಬ್ದವೂ ಗುಣವಾಗಿ ತನ್ನ ನಿಜಾರ್ಥಕ್ಕೆ ಮರಳುತ್ತದೆ. ಜೋಳಿಗೆಗೆ ಹಾಕಿ ಬಂದು ಮತ್ತೆ ಕುಡಿದರೆ ಮಗುವಿನ ನಿಘಂಟಿನಲ್ಲಿ ಭಾಷೆ, ಗುರು, ಆಣೆ ಎಂಬ ಇನ್ನೂ ಮೂರು ಶಬ್ದಗಳು ಕೆಡುತ್ತವೆ.

ಕಡೆಯದಾಗಿ, ಮಕ್ಕಳೂ ಮರೆಮಾತನ್ನು ಆಡುತ್ತಾರೆಂಬುದನ್ನು ಹಿರಿಯರು ಮರೆಯಲಾಗದು. ಶಾಲೆಗೆ ಹೊರಡುವಾಗ ‘ಹೊಟ್ಟೆ ನೋಯುತ್ತದೆ’ ಎನ್ನುವ ಹುಡುಗನ ನೋವು ಹೊಟ್ಟೆಯಲ್ಲಿಯೇ ಇರುತ್ತದೆಂದು ಹೇಳಲಾಗದು. ‘ಗುಮ್ಮ ಬಂತು’ ಎನ್ನುವ ಮಗಳು ಕತ್ತಲೆಗೆ ಅಂಜುತ್ತಿರಬಹುದು, ಇಲ್ಲವೆ ಮನೆಯೊಳಗಿನ ಯಾರದೋ ಏರಿದ ದನಿಗೆ ಅಂಜುತ್ತಿರಬಹುದು. ಸುಳ್ಳಾಡಿದೆಯೆಂದು ಬೆತ್ತವೆತ್ತುವ ಮೊದಲು ಆ ಬೆಡಗನ್ನು ಬಿಡಿಸಿ ನೋಡಬೇಕು. ಹಿರಿಯರ ಮಾತನ್ನು ಬಿಡಿಸಲು ಮಗುವು ಹುಟ್ಟಿದಂದಿನಿಂದ ಪಟ್ಟ ಶ್ರಮದಲ್ಲಿ ಒಂದು ಪಾಲನ್ನಾದರೂ ಹಿರಿಯರು ಮಗುವಿನ ಮಾತಿಗಾಗಿ ಪಡುವುದು ನ್ಯಾಯ. ಮರೆಮಾತಿನ ಅರ್ಥವನ್ನು ಮಗುವೇ ಬಂದು ಕೇಳಿದಾಗ ‘ನಿನಗೇಕೆ ಬೇಕು?’ ಎಂದು ದೂಡದೆ, ಅದರ ವಯಸ್ಸಿಗೆ ತಕ್ಕಷ್ಟನ್ನು ಬಿಚ್ಚಿ ಹೇಳಬೇಕು. ಶಿಷ್ಯನು ಕೇಳಿದಾಗ ಬೆಡಗನ್ನು ಬಿಚ್ಚದವನು ಗುರುವೆನಿಸನು.

ಬಾಗೇವಾಡಿಯ ಬಾಲಕ ಬಸವಣ್ಣನವರು ಹಿರಿಯರು ನಿಶ್ಚಯಿಸಿದ ಉಪನಯನವನ್ನು ನಿರಾಕರಿಸಿ ಹುನಗುಂದ ಸೀಮೆಯ ಕೂಡಲಸಂಗಮಕ್ಕೆ ಬಂದರೆಂದು ಪರಂಪರೆಯು ಹೇಳುತ್ತದೆ. ಹಿರಿಯರ ಮಾತನ್ನು ಅವರ ಆಚರಣೆಯ ಪಕ್ಕದಲ್ಲಿಟ್ಟು ನೋಡುವ ಕಣ್ಣು ಆ ಎಳೆಯ ವಯಸ್ಸಿನಲ್ಲಿಯೇ ಅವರಿಗಿತ್ತು. ಅಂತಹ ಕಣ್ಣು ಪ್ರತಿಯೊಂದು ಮನೆಯ ತೊಟ್ಟಿಲಲ್ಲಿಯೂ ತೆರೆದಿದೆ. ಕೃಷ್ಣೆಯೂ ಮಲಪ್ರಭೆಯೂ ಆ ಕ್ಷೇತ್ರದಲ್ಲಿ ಕೂಡಿ ಒಂದೇ ಹೊಳೆಯಾಗಿ ಹರಿಯುವಂತೆ ತಂದೆತಾಯಿಗಳ ನುಡಿಯೂ ನಡೆಯೂ ಕೂಡಿ ಹರಿಯುವ ಮನೆಯಲ್ಲಿ ಮಗುವಿಗೆ ನೇರ ಮಾತೂ ತಿಳಿಯುತ್ತದೆ, ಮರೆಮಾತೂ ತಿಳಿಯುತ್ತದೆ. ಇಂದಿನ ರಾತ್ರಿ ಊಟಕ್ಕೆ ಕುಳಿತಾಗ ಸದ್ಭಕ್ತರು ತಾವು ದಿನವೆಲ್ಲ ಮಕ್ಕಳ ಮುಂದೆ ಆಡಿದ ಮಾತುಗಳಲ್ಲಿ ಒಂದನ್ನಾದರೂ ಈ ಒರೆಗಲ್ಲಿಗೆ ಹಚ್ಚಿ ನೋಡಲಿ.